ನೆಟ್‌ವರ್ಕ್ ಮಾರ್ಕೆಟಿಂಗ್‌ನಲ್ಲಿ ಸಾಮಾನು ಮಾರುವ ಕ್ರಮ: ರಾಯಚೂರು, ಕೊಪ್ಪಳ, ಬಳ್ಳಾರಿಯ ಊರುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಸಿಂಧನೂರಿನಲ್ಲಾಗಲಿ, ಗಂಗಾವತಿಯಲ್ಲಾಗಲಿ, ಸಿರುಗುಪ್ಪದಲ್ಲಾಗಲಿ ನೆಟ್‌ವರ್ಕ್ ಮಾರ್ಕೆಟಿಂಗ್ (ಕಂಪನಿಯ ಸಾಮಾನು ಮನೆಮನೆಗೆ ಮಾರುತ್ತ, ಮಾರಲು ಬೇರೆಯವರನ್ನೂ ಸೇರಿಸುವ ವ್ಯವಹಾರ) ಎಂದ ಕೂಡಲೇ ಜನ ಕೈಮುಗಿದು ಜಾಗ ಬಿಡುತ್ತಾರೆ. ಅದಕ್ಕೆ ಕಾರಣ ಸಾಮಾನಿನ ಗುಣಮಟ್ಟವಲ್ಲ. ಬಂದವರೆಲ್ಲ ಸಾಮಾನು ಮಾರದೆ ಮೆಂಬರ್‌ಶಿಪ್ ಮಾರಿ ಹೋಗಿದ್ದಾರೆ. ಸೇರಿದವರ ಮಂಚದ ಕೆಳಗೆ ಡಬ್ಬಿಗಳು ಎಕ್ಸ್‌ಪೈರಿ ಆಗಿವೆ. ಈ ಮಾರ್ಗದರ್ಶಿ ಸೇರಿಸುವವರಿಗಲ್ಲ, ಮಾರುವವರಿಗೆ. ತಿಂಗಳಿಗೊಮ್ಮೆ ತಾವೇ ಫೋನ್ ಮಾಡಿ "ಅದೇ ಇನ್ನೊಂದು ತಂದುಕೊಡ್ರಿ" ಎನ್ನುವ 25 ಮನೆಗಳನ್ನು ಕಟ್ಟುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ. ತಂಡದ ಮಾತು ಬರುವುದು ಕೊನೆಗೆ.

ಮೊದಲು ಕಂಪನಿಯ ಕಾಗದಪತ್ರ

ಈ ವ್ಯವಹಾರಕ್ಕೆ ಈಗ ಪ್ರತ್ಯೇಕ ನಿಯಮಗಳಿವೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ನೇರ ಮಾರಾಟ ನಿಯಮಗಳು 2021ರ ಡಿಸೆಂಬರ್ 28ರಂದು ಪ್ರಕಟವಾದವು. ಪಿರಮಿಡ್ ಯೋಜನೆ (ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವುದು) ಮತ್ತು ಹಣ ಸುತ್ತಿಸುವ ಯೋಜನೆಗಳನ್ನು (ಹೊಸಬರ ದುಡ್ಡನ್ನು ಹಳಬರಿಗೆ ಹಂಚುವುದು) ಅವು ನೇರವಾಗಿ ನಿಷೇಧಿಸುತ್ತವೆ. ಹಣ ಸುತ್ತಿಸುವುದರ ಮೇಲೆ 1978ರಿಂದಲೇ ಬೇರೆ ಕಾಯ್ದೆಯೂ ಇದೆ. ಹೀಗಾಗಿ ಕೈಯಲ್ಲಿ ಬ್ಯಾಗ್ ಹಿಡಿಯುವ ಮೊದಲು ಇಷ್ಟನ್ನು ನೋಡಿಕೊಳ್ಳಿ.

ಸೇರಲು ಶುಲ್ಕ ಕೇಳಬಾರದು. ಡೆಮೊ ಕಿಟ್ ಕೊಳ್ಳಲೇಬೇಕು ಎನ್ನಬಾರದು. ನಿಮ್ಮೊಂದಿಗೆ ಲಿಖಿತ ಒಪ್ಪಂದ ಇರಬೇಕು, ಅದರಲ್ಲಿ ದಂಡವಿಲ್ಲದೆ ಹಿಂದೆ ಸರಿಯಲು ಕಾಲಾವಕಾಶ ಇರಬೇಕು. ಮಾರಾಟವಾಗದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವ ಷರತ್ತು ಎಷ್ಟು ದಿನ, ಶೇಕಡಾ ಎಷ್ಟು ಕಡಿತ ಎಂಬುದು ಅಕ್ಷರದಲ್ಲಿರಬೇಕು. "ಅಪ್‌ಲೈನ್ ಸರ್ ನೋಡ್ಕೋತಾರ" ಎಂಬ ಬಾಯಿಮಾತು ಷರತ್ತಲ್ಲ (ಅಪ್‌ಲೈನ್ ಎಂದರೆ ನಿಮ್ಮನ್ನು ಸೇರಿಸಿದ ಮೇಲಿನವರು). ಕಂಪನಿಗೆ ಭಾರತದಲ್ಲಿ ನೋಂದಾಯಿತ ಕಚೇರಿ ಇರಬೇಕು, ದೂರು ಪರಿಹಾರ ಅಧಿಕಾರಿಯ ಹೆಸರು, ನಂಬರು ವೆಬ್‌ಸೈಟಿನಲ್ಲಿ ಸಿಗಬೇಕು. ಆ ನಂಬರಿಗೆ ಒಮ್ಮೆ ಕರೆ ಮಾಡಿ. ಯಾರೂ ಎತ್ತದಿದ್ದರೆ, ನಾಳೆ ನಿಮ್ಮ ಗ್ರಾಹಕರಿಗೂ ಯಾರೂ ಎತ್ತುವುದಿಲ್ಲ. ಆಗ ಅವರು ಬರುವುದು ನಿಮ್ಮ ಮನೆಗೇ.

ನಿಮ್ಮ ಮೇಲೂ ಬಾಧ್ಯತೆಗಳಿವೆ. ಗುರುತಿನ ಚೀಟಿ ಇಲ್ಲದೆ, ಮುಂಚೆ ಒಪ್ಪಿಗೆ ಪಡೆಯದೆ ಯಾರ ಮನೆಗೂ ಹೋಗುವಂತಿಲ್ಲ. ಕಂಪನಿ ಒಪ್ಪದ ಕರಪತ್ರ ಹಂಚುವಂತಿಲ್ಲ, ಕಂಪನಿ ಹೇಳದ ಗುಣವನ್ನು ನೀವು ಸೇರಿಸಿ ಹೇಳುವಂತಿಲ್ಲ. ಇದನ್ನು ಅಡ್ಡಿ ಎಂದುಕೊಳ್ಳುವವರು ಹೆಚ್ಚು. ಆದರೆ ಕೊರಳಲ್ಲಿ ಕಾರ್ಡು, ಕೈಯಲ್ಲಿ ಬಿಲ್ ಬುಕ್ ಇದ್ದವರನ್ನು ಓಣಿಯ ಜನ ಬೇರೆ ರೀತಿಯೇ ಮಾತಾಡಿಸುತ್ತಾರೆ.

ಯಾವ ಸಾಮಾನು ಹಿಡಿಯಬೇಕು

ಕಂಪನಿಯ ಪಟ್ಟಿಯಲ್ಲಿ ನೂರಿನ್ನೂರು ಐಟಂ ಇರುತ್ತವೆ. ಶುರುವಿಗೆ ಮೂರು ಸಾಕು, ನಾಲ್ಕು ಹೆಚ್ಚು. ಆಯ್ಕೆಗೆ ಮೂರು ಪ್ರಶ್ನೆ ಕೇಳಿಕೊಳ್ಳಿ: 50 ದಿನದೊಳಗೆ ಮುಗಿಯುತ್ತದೆಯೇ? ಗ್ರಾಹಕರ ಕಣ್ಣೆದುರೇ ಫಲ ತೋರಿಸಬಹುದೇ? ಬೆಲೆ 400 ರೂಪಾಯಿಯೊಳಗೆ ಇದೆಯೇ? ಭಾಂಡೆ ತೊಳೆಯುವ ಲಿಕ್ವಿಡ್, ಬಟ್ಟೆ ಒಗೆಯುವ ಲಿಕ್ವಿಡ್, ಟೂತ್‌ಪೇಸ್ಟ್, ಶಾಂಪೂ ಈ ಮೂರು ಪ್ರಶ್ನೆಗೂ ಹೂಂ ಎನ್ನುತ್ತವೆ. 9,000 ರೂಪಾಯಿಯ ಹಾಸಿಗೆ, 15,000ದ ನೀರಿನ ಮಷಿನ್ ಒಂದು ಸಲ ಮಾರಿದರೆ ಮುಗಿಯಿತು, ಆ ಮನೆಗೆ ಮತ್ತೆ ಹೋಗಲು ನೆಪವಿಲ್ಲ.

ಪ್ರೋಟೀನ್ ಪೌಡರ್ ಅನ್ನು ಮೊದಲ ಸಾಮಾನಾಗಿ ಹಿಡಿಯಬೇಡಿ. ಶೇಂಗಾ ಬೆಳೆಯುವ ಸೀಮೆಯಲ್ಲಿ ಅದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಉದಾಹರಣೆಗೆ 1,000 ರೂಪಾಯಿಯ 500 ಗ್ರಾಂ ಡಬ್ಬಿಯಲ್ಲಿ ನೂರಕ್ಕೆ 40 ಗ್ರಾಂ ಪ್ರೋಟೀನ್ ಇದ್ದರೆ ಒಟ್ಟು 200 ಗ್ರಾಂ, ಅಂದರೆ ಗ್ರಾಮಿಗೆ 5 ರೂಪಾಯಿ. ಶೇಂಗಾ ಬೀಜದಲ್ಲಿ ನೂರು ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಕೆಜಿಗೆ 150 ರೂಪಾಯಿ ಹಿಡಿದರೂ ಗ್ರಾಮಿಗೆ 60 ಪೈಸೆ. ಕುಷ್ಟಗಿ ಕಡೆಯ ರೈತರ ಮನೆಯಲ್ಲಿ ಈ ಲೆಕ್ಕವನ್ನು ನೀವು ಹೇಳದಿದ್ದರೂ ಅವರೇ ಹಾಕುತ್ತಾರೆ.

ಸ್ಟಾಕ್ ಇಡುವ ಜಾಗದ ಬಗ್ಗೆಯೂ ಎಚ್ಚರ ಬೇಕು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯೊಳಗೆ ಅದಕ್ಕಿಂತ ಹೆಚ್ಚು. ಮೆತ್ತನೆಯ ಕ್ಯಾಪ್ಸೂಲ್‌ಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ಕ್ರೀಮಿನಲ್ಲಿ ಎಣ್ಣೆ ಬೇರೆ ನೀರು ಬೇರೆ ಆಗುತ್ತದೆ. ಗ್ರಾಹಕರು ಅದನ್ನು ನಕಲಿ ಮಾಲು ಎಂದೇ ತಿಳಿಯುತ್ತಾರೆ. ಬೇಸಿಗೆಯಲ್ಲಿ ಆ ದಿನದ ಆರ್ಡರ್ ಅಷ್ಟೇ ಬಟ್ಟೆ ಚೀಲದಲ್ಲಿ ಹಿಡಿದು ಹೋಗಿ, ಉಳಿದದ್ದು ಮನೆಯ ತಂಪು ಮೂಲೆಯಲ್ಲಿರಲಿ.

ಉಳಿಯುವುದೆಷ್ಟು

ವೇದಿಕೆಯ ಮೇಲೆ ಯಾರೂ ಹೇಳದ ಲೆಕ್ಕ ಇದು. ಎಂಆರ್‌ಪಿ 400, ನಿಮಗೆ ಬೀಳುವ ದರ 320 ಎಂದುಕೊಳ್ಳಿ. ಚಿಲ್ಲರೆ ಲಾಭ 80, ಶೇಕಡಾ 20. ತಿಂಗಳಿಗೆ 25 ಮನೆ, ಮನೆಗೆ 600 ರೂಪಾಯಿಯ ಸಾಮಾನು ಹೋದರೆ ಮಾರಾಟ 15,000, ಲಾಭ 3,000. ತಿಂಗಳಿಗೆ 300 ಕಿ.ಮೀ. ಓಡಾಟ, ಲೀಟರಿಗೆ 45 ಕಿ.ಮೀ. ಮೈಲೇಜು ಹಿಡಿದರೆ ಸುಮಾರು 7 ಲೀಟರ್ ಪೆಟ್ರೋಲ್. ಲೀಟರಿಗೆ 103ರಂತೆ 720 ರೂಪಾಯಿ. ಫೋನ್ ರೀಚಾರ್ಜ್ 300, ಸ್ಯಾಂಪಲ್ಲಿಗೆ 200. ಕೈಯಲ್ಲಿ ಉಳಿಯುವುದು 1,780. ಕಂಪನಿಯ ಬೋನಸ್ ಬಂದರೆ ಅದು ಇದರ ಮೇಲೆ.

ಇದು ಸಂಬಳಕ್ಕೆ ಸಮವಲ್ಲ, ಮೇಲುಖರ್ಚಿನ ದುಡ್ಡು. ಹಾಗೆಂದು ಗೊತ್ತಿದ್ದೇ ಶುರು ಮಾಡಿದವರು ನಿಲ್ಲುತ್ತಾರೆ. ಲಾಭ ಹೆಚ್ಚಿಸಲು ಎರಡೇ ದಾರಿ: ಓಡಾಟ ಕಡಿಮೆ ಮಾಡುವುದು, ಮನೆಯೊಂದಕ್ಕೆ ಹೋಗುವ ಸಾಮಾನು ಹೆಚ್ಚಿಸುವುದು. ನೆಂಟರೆಂದು ಸಂಕೋಚಪಟ್ಟು 320ಕ್ಕೇ ಕೊಟ್ಟರೆ ಈ ಲೆಕ್ಕ ಸೊನ್ನೆಗೆ ಬರುತ್ತದೆ. ಆಮೇಲೆ ಅವರ ನೆರೆಯವರಿಗೂ ಅದೇ ದರ ಬೇಕಾಗುತ್ತದೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದಂತೂ ಅಪರಾಧ.

ಪಟ್ಟಿ, ಮತ್ತು ಹೋಗುವ ಹೊತ್ತು

ಎಲ್ಲ ಟ್ರೇನಿಂಗಿನಲ್ಲೂ ನೂರು ಹೆಸರು ಬರೆಯಿರಿ ಎನ್ನುತ್ತಾರೆ. ಬರೆಯಿರಿ, ಆದರೆ ನೆಂಟರು, ಗೆಳೆಯರು ಎಂದು ಬರೆಯುವ ಬದಲು ಓಣಿಯ ಪ್ರಕಾರ ಬರೆಯಿರಿ. ಒಂದೇ ಓಣಿಯಲ್ಲಿ ಎಂಟು ಮನೆ ಇದ್ದರೆ ಒಂದೇ ಸಂಜೆಗೆ ಆಗುತ್ತದೆ. ಎಂಟು ಊರಲ್ಲಿ ಎಂಟು ಮನೆ ಇದ್ದರೆ ಪೆಟ್ರೋಲ್ ನಿಮ್ಮನ್ನು ತಿನ್ನುತ್ತದೆ. ಹೆಸರಿನ ಮುಂದೆ ನಾಲ್ಕು ಸಂಗತಿ ಇರಲಿ: ಮನೆಯಲ್ಲಿ ಎಷ್ಟು ಜನ, ಯಾವ ನೀರು (ಬೋರ್, ನಲ್ಲಿ, ಕಾಲುವೆ), ದುಡ್ಡು ಯಾವಾಗ ಬರುತ್ತದೆ, ಯಾವ ಭಾಷೆ ಸಲೀಸು.

ದುಡ್ಡು ಬರುವ ಹೊತ್ತು ಇಲ್ಲಿ ಒಂದೊಂದು ಕಡೆ ಒಂದೊಂದು. ಶಕ್ತಿನಗರ, ತೋರಣಗಲ್ಲು, ಹಟ್ಟಿಯ ಪಗಾರದ ಮನೆಗಳಲ್ಲಿ ತಿಂಗಳ ಮೊದಲ ಹತ್ತು ದಿನ. ಆದರೆ ಅಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿ ಮಲಗಿದವರ ಬಾಗಿಲು ಬೆಳಿಗ್ಗೆ ಹತ್ತಕ್ಕೆ ಬಡಿದರೆ ಆ ಮನೆ ಕಾಯಂ ಹೋಯಿತು. ಬಳ್ಳಾರಿಯ ಜೀನ್ಸ್ ಹೊಲಿಗೆಯವರಲ್ಲಿ ವಾರದ ಬಟವಾಡೆ ಇರುವ ಕಡೆ ಬಟವಾಡೆಯ ಮರುದಿನ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಊರುಗಳಲ್ಲಿ ಮುಂಗಾರಿನ ಬೆಳೆ ಕೈಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ. ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟ ವರ್ಷ ಏಪ್ರಿಲ್, ಮೇನಲ್ಲಿ ಇನ್ನೊಮ್ಮೆ. ನೀರು ಬಿಡದ ವರ್ಷ ಆ ಊರುಗಳಲ್ಲಿ ಹೊಸ ಗಿರಾಕಿ ಹುಡುಕಬೇಡಿ, ಇದ್ದವರನ್ನು ಚಿಕ್ಕ ಬಾಟಲಿಯಲ್ಲಿ ಉಳಿಸಿಕೊಳ್ಳಿ. ನಾಟಿಯ ಜುಲೈ, ಆಗಸ್ಟ್‌ನಲ್ಲಿ, ಮೆಣಸಿನಕಾಯಿ ಬಿಡಿಸುವ ಜನವರಿಯಿಂದ ಮಾರ್ಚ್‌ವರೆಗೆ ಹೆಣ್ಣುಮಕ್ಕಳು ಹಗಲು ಮನೆಯಲ್ಲಿರುವುದಿಲ್ಲ. ಸಂಜೆ ಆರೂವರೆಯ ನಂತರ ಹೋಗಿ, ಒಲೆ ಹೊತ್ತಿಸುವ ಮೊದಲೇ ಎದ್ದು ಬನ್ನಿ.

ಭಾಷೆಯ ವಿಷಯ: ಸಿಂಧನೂರು, ಗಂಗಾವತಿ ಸುತ್ತಿನ ಕ್ಯಾಂಪುಗಳಲ್ಲಿ ತೆಲುಗು, ರಾಯಚೂರು ಮತ್ತು ಬಳ್ಳಾರಿಯ ಹಲವು ಬಡಾವಣೆಗಳಲ್ಲಿ ಉರ್ದು ನಡೆಯುತ್ತದೆ. ನಿರರ್ಗಳ ಬರಬೇಕಿಲ್ಲ. ಎಷ್ಟು ಹಾಕಬೇಕು, ಎಷ್ಟು ದಿನ ಬರುತ್ತದೆ, ಬೆಲೆ ಎಷ್ಟು, ಇಷ್ಟವಾಗದಿದ್ದರೆ ವಾಪಸ್ ಕೊಡಬಹುದು: ಈ ನಾಲ್ಕು ವಾಕ್ಯ ಅವರ ಭಾಷೆಯಲ್ಲಿ ಕಲಿತಿದ್ದರೆ ಸಾಕು.

ಫೋನ್: ಅರ್ಧ ನಿಮಿಷ

ಒಪ್ಪಿಗೆ ಕೇಳುವ ಫೋನಿನಲ್ಲೇ ಹೆಚ್ಚಿನವರು ಕೆಡಿಸಿಕೊಳ್ಳುತ್ತಾರೆ. "ಒಂದು ಒಳ್ಳೆ ಅವಕಾಶ ಐತಿ, ಮನಿಗೆ ಬಂದು ಹೇಳ್ತೀನಿ" ಎಂದರೆ ಎದುರಿನವರಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಹೆಸರು, ಕಂಪನಿ, ಸಾಮಾನು, ಬೇಕಾದ ಸಮಯ ಇಷ್ಟನ್ನೂ ಮೊದಲೇ ಹೇಳಿ. ನಿಯಮವೂ ಅದನ್ನೇ ಕೇಳುತ್ತದೆ.

"ಅಕ್ಕಾ, ನಾನು ಹಿಂದಿನ ಓಣಿ ಶಾಂತಾರಿ. ಇಂಥ ಕಂಪನಿದು ಭಾಂಡೆ ತಿಕ್ಕೋ ಲಿಕ್ವಿಡ್ ಮಾರ್ತೀನ್ರಿ. ನಾಳೆ ಸಂಜಿಮುಂದ ನಿಮ್ಮ ಬೋರ್ ನೀರಾಗ ಒಮ್ಮೆ ತೋರಿಸ್ಲೇನ್ರಿ? ಹದಿನೈದು ನಿಮಿಷ. ತಗೋಬೇಕಂತೇನಿಲ್ಲ."

ಬೇಡ ಎಂದರೆ "ಆತ್ರಿ ಅಕ್ಕಾ" ಎಂದು ಇಟ್ಟುಬಿಡಿ. ಮೂರು ತಿಂಗಳು ಮತ್ತೆ ಕೇಳಬೇಡಿ. ಹತ್ತು ಜನರಲ್ಲಿ ಬೇಡ ಎಂದವರನ್ನು ಬೆನ್ನು ಹತ್ತುವ ಸಮಯದಲ್ಲಿ ಬೇರೆ ಓಣಿಯೇ ಮುಗಿಯುತ್ತದೆ.

ಡೆಮೊ: ಅವರ ನೀರು, ಅವರ ಪಾತ್ರೆ, ಅವರ ಕೈ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಮಾರಾಟ ಆಗುವುದೂ ಕೆಡುವುದೂ ಇಲ್ಲೇ.

ಈ ಮೂರು ಜಿಲ್ಲೆಯ ಬೋರ್ ನೀರು ಬಹುತೇಕ ಕಡೆ ಗಡಸು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಬೆಳ್ಳಗಿನ ಜಿಡ್ಡಾಗುತ್ತದೆ. ನೊರೆ ಬರುವುದಿಲ್ಲ, ಸ್ಟೀಲಿನ ಮೇಲೆ ಕಲೆ ಉಳಿಯುತ್ತದೆ. ಡಿಟರ್ಜೆಂಟ್ ಲಿಕ್ವಿಡ್‌ಗೆ ಈ ತೊಂದರೆ ಕಡಿಮೆ. ಪೂರ್ತಿ ಇಲ್ಲವೆಂದಲ್ಲ, ಗಡಸು ನೀರಿಗೆ ಅದೂ ಸ್ವಲ್ಪ ಹೆಚ್ಚೇ ಬೇಕು. ಹೀಗಾಗಿ ನಿಮ್ಮ ಮನೆಯ ನಲ್ಲಿ ನೀರಿನಲ್ಲಿ ಚೆನ್ನಾಗಿ ಬಂದ ನೊರೆ ಅವರ ಮನೆಯಲ್ಲಿ ಬರದೇ ಹೋಗಬಹುದು. ಬಾಟಲಿಯಲ್ಲಿ ನೀರು ಒಯ್ದು ತೋರಿಸುವುದು ಅದಕ್ಕೇ ತಪ್ಪು.

ಕ್ರಮ ಹೀಗಿರಲಿ:

1. ಅವರು ದಿನಾ ಬಳಸುವ, ಒಗ್ಗರಣೆ ಜಿಡ್ಡು ಹಿಡಿದ ಒಂದು ಬೋಗುಣಿ ಕೇಳಿ. ಹೊಚ್ಚ ಹೊಸದು ಕೊಟ್ಟರೆ ಬೇಡವೆನ್ನಿ.
2. ಎರಡು ಬಟ್ಟಲಲ್ಲಿ ಅವರ ಮನೆಯ ನೀರೇ ತಲಾ 200 ಮಿ.ಲೀ., ಅಂದರೆ ಒಂದು ಸ್ಟೀಲ್ ಲೋಟದಷ್ಟು. ಒಂದಕ್ಕೆ ಲೇಬಲ್ಲಿನಲ್ಲಿ ಹೇಳಿದಷ್ಟೇ ಲಿಕ್ವಿಡ್, ಉದಾಹರಣೆಗೆ ಒಂದು ಟೀ ಚಮಚ, 5 ಮಿ.ಲೀ. ಇನ್ನೊಂದಕ್ಕೆ ಅವರ ಬಾರ್ ಸೋಪನ್ನು ಅವರು ಎಂದಿನಂತೆ ತಿಕ್ಕಿಕೊಳ್ಳಲಿ.
3. ಬೋಗುಣಿಯ ಎಡ ಅರ್ಧ ಅವರ ಸೋಪಿನಲ್ಲಿ, ಬಲ ಅರ್ಧ ನಿಮ್ಮದರಲ್ಲಿ. ಎರಡಕ್ಕೂ ಹೊಸ ಸ್ಕ್ರಬ್ಬರಿನ ಎರಡು ತುಂಡು. ತಿಕ್ಕುವುದು ಅವರೇ. ನೀವು ತಿಕ್ಕಿದರೆ ನಿಮ್ಮ ಅರ್ಧಕ್ಕೆ ಒತ್ತು ಹೆಚ್ಚು ಬೀಳುತ್ತದೆ, ಅದು ಅವರಿಗೂ ಕಾಣುತ್ತದೆ.
4. ತೊಳೆದ ಮೇಲೆ ಒರೆಸಬೇಡಿ. ಹಾಗೇ ಆರಲು ಬಿಟ್ಟು ಚಹಾ ಮುಗಿಯುವವರೆಗೆ ಬೇರೆ ಮಾತಾಡಿ. ಬಿಳಿ ಕಲೆ ಆರಿದ ಮೇಲೆಯೇ ಕಾಣುವುದು.
5. ಬೆರಳಿಂದ ಎರಡೂ ಕಡೆ ಸವರಿ ನೋಡಲು ಹೇಳಿ. ಸುಮ್ಮನಿರಿ. ಏನನ್ನಿಸಿತು ಎಂದು ಅವರೇ ಹೇಳಲಿ.

ವ್ಯತ್ಯಾಸ ಕಾಣದಿದ್ದರೆ? ಕೆಲವು ಮನೆಯಲ್ಲಿ ಕಾಣುವುದಿಲ್ಲ. ಸಿಹಿ ನೀರಿರುವ ಕಡೆ ಅವರ ಬಾರ್ ಸೋಪೇ ಸಾಕಾಗಿರುತ್ತದೆ. "ನಿಮ್ಮ ನೀರಿಗೆ ಇದರ ಜರೂರಿಲ್ರಿ" ಎಂದು ಹೇಳಿ ಎದ್ದು ಬನ್ನಿ. ಆ ಮಾತು ಓಣಿಯಲ್ಲಿ ತಿರುಗಾಡಿ ನಿಮ್ಮ ಕೆಲಸ ಮಾಡುತ್ತದೆ.

ಜಾದೂ ಡೆಮೊಗಳನ್ನು ಮಾತ್ರ ಮುಟ್ಟಬೇಡಿ. ಅವುಗಳಲ್ಲಿ ಹೆಚ್ಚು ನಡೆಯುವುದು ಎರಡು. ಒಂದು, ನೀರಿನ ಮಷಿನ್ ಮಾರುವವರು ಎರಡು ಲೋಟಕ್ಕೆ ಕರೆಂಟಿನ ಸರಳು ಇಳಿಸಿ, ಬೋರ್ ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ಕೊಳೆ ಎಂದು ತೋರಿಸುವುದು. ಅದು ಕೊಳೆಯಲ್ಲ, ಕಬ್ಬಿಣದ ಸರಳೇ ಕರಗಿ ಬಂದ ಬಣ್ಣ. ಲವಣವಿರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಲವಣ ಕಡಿಮೆ ಇರುವುದರಿಂದ ಹೆಚ್ಚು ಹರಿಯುವುದಿಲ್ಲ, ಅಷ್ಟೇ. ಕೊಪ್ಪಳ, ರಾಯಚೂರಿನ ಹಲವು ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ನಿಜವಾಗಿಯೂ ಇದೆ. ಆದರೆ ಅದು ಬಣ್ಣದಲ್ಲಿ ಕಾಣುವ ವಸ್ತುವಲ್ಲ, ನೀರಿನ ಪರೀಕ್ಷೆಯ ವರದಿಯಲ್ಲಿ ಕಾಣುವುದು. ಇನ್ನೊಂದು, ನೀರಿಗೆ ಅಯೋಡಿನ್ ಹನಿ ಹಾಕಿ ಕಂದು ಮಾಡಿ, ಕ್ಯಾಪ್ಸೂಲಿನ ಪುಡಿ ಹಾಕಿ ತಿಳಿಯಾಗಿಸಿ "ರಕ್ತ ಹಿಂಗ ಶುದ್ಧ ಆಗತೈತಿ" ಎನ್ನುವುದು. ವಿಟಮಿನ್ ಸಿ ಇರುವ ಯಾವುದೇ ವಸ್ತು ಅಯೋಡಿನ್ನಿನ ಬಣ್ಣ ತೆಗೆಯುತ್ತದೆ. ಲಿಂಬೆ ರಸವೂ ತೆಗೆಯುತ್ತದೆ. ಹೈಸ್ಕೂಲಿಗೆ ಹೋಗುವ ಮಗಳು ಮನೆಯಲ್ಲಿದ್ದರೆ ಅಲ್ಲೇ ನಿಮ್ಮ ಮಾನ ಹೋಗುತ್ತದೆ.

ಬೆಲೆ ಹೇಳುವುದು

ಬಾಟಲಿಯ ಬೆಲೆ ಹೇಳುವ ಮೊದಲು ದಿನದ ಖರ್ಚು ಹೇಳಿ, ಅದನ್ನು ಅವರ ಎದುರೇ ಕಾಗದದ ಮೇಲೆ ಬರೆಯಿರಿ. 500 ಮಿ.ಲೀ. ಬಾಟಲಿಗೆ 225 ರೂಪಾಯಿ, ಹೊತ್ತಿಗೆ 5 ಮಿ.ಲೀ., ದಿನಕ್ಕೆ ಎರಡು ಹೊತ್ತು ಎಂದರೆ 50 ದಿನ ಬರುತ್ತದೆ, ದಿನಕ್ಕೆ 4 ರೂಪಾಯಿ 50 ಪೈಸೆ. ಅವರ 10 ರೂಪಾಯಿಯ ಬಾರ್ ಮೂರು ದಿನಕ್ಕೆ ಕರಗುತ್ತಿದ್ದರೆ ದಿನಕ್ಕೆ 3 ರೂಪಾಯಿ 33 ಪೈಸೆ. ನಿಮ್ಮದು ತಿಂಗಳಿಗೆ 35 ರೂಪಾಯಿ ಹೆಚ್ಚು. ಹೆಚ್ಚು ಎಂದೇ ಹೇಳಿ. "ಕಲೆ ಕಡಿಮಿ ಆಗತೈತಿ, ಸೋಪು ನೀರಾಗ ಕರಗಿ ಹೋಗೋದಿಲ್ಲ, ಅದಕ್ಕ ತಿಂಗಳಿಗೆ 35 ರೂಪಾಯಿ ಹೆಚ್ಚಾಗತೈತ್ರಿ. ನಿಮಗ ಅನಸಿದ್ರ ನೋಡ್ರಿ." ಅಗ್ಗ ಎಂದು ಸುಳ್ಳು ಹೇಳಿ ಮಾರಿದ ಬಾಟಲಿ ಎರಡನೇ ಸಲ ಹೋಗುವುದಿಲ್ಲ.

ಇದರಲ್ಲಿ ಕೆಡುವುದು ಒಂದೇ: ಅಳತೆ. ಕೈಯಳತೆಯಲ್ಲಿ ಹೊತ್ತಿಗೆ 15 ಮಿ.ಲೀ. ಸುರಿದರೆ 50 ದಿನದ ಬಾಟಲಿ 17 ದಿನಕ್ಕೆ ಖಾಲಿ. ಆಮೇಲೆ "ಭಾಳ ತುಟ್ಟಿ" ಎನ್ನುತ್ತಾರೆ. ಬಾಟಲಿಯ ಜೊತೆ ಒಂದು ಪ್ಲಾಸ್ಟಿಕ್ ಚಮಚ ಕಟ್ಟಿಕೊಡಿ, ಅಥವಾ ಹಳೇ ನೀರಿನ ಬಾಟಲಿಯ ಮುಚ್ಚಳ ತುಂಬ ಎಂದು ತೋರಿಸಿ. ಮುಚ್ಚಳ ಸುಮಾರು 5 ಮಿ.ಲೀ. ಹಿಡಿಯುತ್ತದೋ ಇಲ್ಲವೋ ಚಮಚದಿಂದ ಒಮ್ಮೆ ಅಳೆದುಕೊಂಡಿರಿ.

ಜನ ಹೇಳುವ ಅಡ್ಡಿಗಳು

"ಇದು ಚೈನ್ ಸಿಸ್ಟಂ ಅಲ್ಲೇನ್ರಿ?" ಇದಕ್ಕೆ ಮುಖ ಸಣ್ಣ ಮಾಡಬೇಡಿ. "ಹೌದ್ರಿ, ಕಂಪನಿಯೊಳಗ ಆ ವ್ಯವಸ್ಥೆ ಐತಿ. ನಿಮ್ಮನ್ನ ಸೇರಿಸಾಕ ಬಂದಿಲ್ಲ. ಲಿಕ್ವಿಡ್ ಬೇಕಂದ್ರ ಬಿಲ್ ಕೊಟ್ಟು ಕೊಡ್ತೀನಿ, ಅಷ್ಟ." ಅಂದಮೇಲೆ ಆ ಭೇಟಿಯಲ್ಲಿ ನಿಜಕ್ಕೂ ಸೇರುವ ಮಾತು ತೆಗೆಯಬಾರದು.

"ಅಂಗಡ್ಯಾಗ ರೇಟ್ ಇಳದೈತಿ." 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ಟೂತ್‌ಪೇಸ್ಟ್, ಸ್ನಾನದ ಸೋಪು, ತಲೆಗೆಣ್ಣೆಯ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ನಿಮ್ಮ ಕಂಪನಿ ಬೆಲೆ ಎಷ್ಟು ಇಳಿಸಿತು ಎಂಬುದು ನಿಮಗೆ ಬಾಯಿಪಾಠ ಇರಬೇಕು. ಹಳೇ ಪಟ್ಟಿ ಹಿಡಿದು ಹೋಗಬೇಡಿ.

"ಮನ್ಯಾಗ ಕೇಳಬೇಕ್ರಿ." ಇದು ಅರ್ಧ ಸಲ ನಿಜ, ಅರ್ಧ ಸಲ ಮರ್ಯಾದೆಯ ನಿರಾಕರಣೆ. ಎರಡಕ್ಕೂ ಒಂದೇ ಉತ್ತರ: 20 ಮಿ.ಲೀ. ಸ್ಯಾಂಪಲ್, ಅಂದರೆ ಎರಡು ದಿನದ ಬಳಕೆ, ಬಿಟ್ಟು ಬನ್ನಿ. ಮೂರನೇ ದಿನ ಒಂದೇ ಫೋನ್. ತುಂಬು ಬಾಟಲಿಯನ್ನು "ಇಟ್ಕೊಂಡಿರ್ರಿ, ಆಮ್ಯಾಲೆ ಕೊಡ್ರಿ" ಎಂದು ಬಿಟ್ಟು ಬರುವುದು ಮಾರಾಟವಲ್ಲ, ಉದ್ರಿ.

ಒಪ್ಪಿದ ಮೇಲೆ ಆರ್ಡರ್ ಫಾರಂ ತುಂಬಿ. ಕಂಪನಿಯ ಹೆಸರು, ನಿಮ್ಮ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಫೋನ್, ಸಾಮಾನಿನ ವಿವರ, ತಯಾರಾದ ದೇಶ, ತಾರೀಖು, ಒಟ್ಟು ಮೊತ್ತ, ವಾಪಸ್ ಮಾಡುವ ಹಕ್ಕು, ದೂರು ಕೊಡುವ ಬಗೆ ಅದರಲ್ಲಿರಬೇಕು. ದೂರು ಬಂದರೆ ಕಂಪನಿ 48 ಕೆಲಸದ ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಬಗೆಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಈ ನಂಬರನ್ನು ನೀವೇ ಬಿಲ್ಲಿನ ಹಿಂದೆ ಬರೆದುಕೊಡಿ. ಅದನ್ನು ಬಳಸುವವರು ವಿರಳ, ಬರೆದುಕೊಟ್ಟವರನ್ನು ನಂಬುವವರು ಬಹಳ.

ಉದ್ರಿ

"ಸುಗ್ಗಿಗೆ ಕೊಡ್ತೀವಿ" ಎಂಬ ಮಾತು ಇಲ್ಲಿ ಸುಳ್ಳಲ್ಲ. ಬೀಜ, ಗೊಬ್ಬರ ಎಲ್ಲ ದಲಾಲಿ ಅಂಗಡಿಯಿಂದ ಉದ್ರಿ ತಂದು ಸುಗ್ಗಿಗೆ ಕಟ್ಟುವ ಪದ್ಧತಿ ಇದೆ. ಆದರೆ ದಲಾಲಿ ಅಂಗಡಿಯವರಿಗೆ ಬೆಳೆಯೇ ಕೈಗೆ ಬರುತ್ತದೆ. ನಿಮಗೆ ಬರುವುದು ಮಾತು. ಕಂಪನಿಗೆ ನೀವು ಮುಂಗಡ ಕಟ್ಟಿಯೇ ಮಾಲು ತಂದಿರುತ್ತೀರಿ. 400ರ ಒಂದು ಬಾಟಲಿಯ ದುಡ್ಡು ಮುಳುಗಿದರೆ ನಿಮ್ಮ 320 ಹೋಯಿತು. ಅದನ್ನು ತುಂಬಿಕೊಳ್ಳಲು ಅಂಥದೇ ನಾಲ್ಕು ಬಾಟಲಿ ಮಾರಬೇಕು.

ಮೊದಲ ಆರ್ಡರ್ ಯಾವಾಗಲೂ ನಗದು ಅಥವಾ ಫೋನ್‌ಪೇ. ಮೂರು ಸಲ ತೆಗೆದುಕೊಂಡವರಿಗೆ ಮಾತ್ರ 300 ರೂಪಾಯಿಯವರೆಗೆ, ಹಳೇದು ತೀರಿದ ಮೇಲೆ ಹೊಸದು. ಉದ್ರಿ ಕೇಳಿದವರಿಗೆ ಇಲ್ಲವೆನ್ನುವ ಬದಲು ಸಣ್ಣ ಬಾಟಲಿ ತೋರಿಸಿ. ಸ್ವಸಹಾಯ ಸಂಘದ ಸಭೆಯ ದಿನ ಅಲ್ಲಿ ಹೋಗಿ ಮಾರುವವರಿದ್ದಾರೆ. ಎಲ್ಲರೂ ಕಂತು ಕಟ್ಟಲು ದುಡ್ಡು ಹಿಡಿದು ಬಂದಿರುತ್ತಾರೆ. ಆ ದುಡ್ಡಿಗೆ ಕೈ ಹಾಕಿದರೆ ಸಂಘದೊಳಗೆ ಜಗಳ ಬರುತ್ತದೆ, ಹೆಸರು ಕೆಡುವುದು ನಿಮ್ಮದು. ಹೋಗುವುದಾದರೆ ಸಭೆ, ಕಂತು ಮುಗಿದ ಮೇಲೆ, ತೋರಿಸಲು ಮಾತ್ರ.

ವಹಿ: ಮುಗಿಯುವ ತಾರೀಖು

ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಪ್ರತಿ ಗ್ರಾಹಕರಿಗೆ ಒಂದು ಪುಟ: ಕೊಟ್ಟ ತಾರೀಖು, ಸಾಮಾನು, ಬಂದ ದುಡ್ಡು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮುಗಿಯುವ ತಾರೀಖು. ನಾಲ್ಕು ಜನರ ಮನೆ, ದಿನಕ್ಕೆರಡು ಸಲ ಹಲ್ಲುಜ್ಜುತ್ತಾರೆ, ಸಲಕ್ಕೆ 1 ಗ್ರಾಂ ಎಂದರೆ ದಿನಕ್ಕೆ 8 ಗ್ರಾಂ. 150 ಗ್ರಾಮಿನ ಪೇಸ್ಟ್ 19 ದಿನ. ಒಂದೇ ಸಲ ಉಜ್ಜುವ ಮನೆಯಲ್ಲಿ 37 ದಿನ. 200 ಮಿ.ಲೀ. ಶಾಂಪೂ, ಇಬ್ಬರು, ವಾರಕ್ಕೆರಡು ಸಲ, ಸಲಕ್ಕೆ 8 ಮಿ.ಲೀ. ಎಂದರೆ ಆರು ವಾರ.

ಫೋನ್ ಮಾಡಬೇಕಾದ್ದು ಮೂರು ಸಲ. ಮೂರನೇ ದಿನ: ಅಳತೆ ಸರಿಯಾಗಿದೆಯೇ ಎಂದು ಕೇಳಲು. ಮಾರುವ ಮಾತು ಬೇಡ. ಹದಿನೈದನೇ ದಿನ: ಬಾಟಲಿ ಎಷ್ಟಕ್ಕೆ ಬಂದಿದೆ ಎಂದು ಕೇಳಿ, ತಾರೀಖು ತಿದ್ದಿಕೊಳ್ಳಲು. ಮುಗಿಯುವುದಕ್ಕೆ ಐದು ದಿನ ಮೊದಲು: ಮುಂದಿನದು ತರಲೇ ಎಂದು. ಈ ಐದು ದಿನ ಏಕೆಂದರೆ, ಖಾಲಿಯಾದ ದಿನವೇ ಅವರು ಕಿರಾಣಿ ಅಂಗಡಿಯಿಂದ ಬಾರ್ ಸೋಪು ತರಿಸಿಬಿಡುತ್ತಾರೆ, ಆಮೇಲೆ ಅದು ಮುಗಿಯುವವರೆಗೆ ನಿಮಗೆ ಕೆಲಸವಿಲ್ಲ. ಹೊಸಬರ ಮಾರಾಟ ಎರಡನೇ ತಿಂಗಳಿಗೆ ಬೀಳುವುದು ಬಹುಪಾಲು ಈ ಒಂದು ಫೋನ್ ತಪ್ಪಿದ್ದರಿಂದ.

ಎರಡನೇ ಸಲ ತೆಗೆದುಕೊಂಡವರ ಬಳಿ ಮಾತ್ರ ಬೇರೆಯವರ ಹೆಸರು ಕೇಳಿ. "ಯಾರಾದ್ರೂ ಇದ್ರ ಹೇಳ್ರಿ" ಎಂದರೆ ಯಾರೂ ನೆನಪಾಗುವುದಿಲ್ಲ. "ಈ ಓಣ್ಯಾಗ ನಿಮ್ಮಂಗ ಬೋರ್ ನೀರಿನ ಮನಿ ಮತ್ಯಾವುದ್ರಿ?" ಎಂದು ಕೇಳಿದರೆ ತಟ್ಟನೆ ಎರಡು ಹೆಸರು ಬರುತ್ತವೆ.

ಆರೋಗ್ಯದ ಡಬ್ಬಿ, ಹೊಲದ ಬಾಟಲಿ

ಈ ಎರಡರಲ್ಲಿ ಲಾಭ ಹೆಚ್ಚು, ಜೈಲಿನ ದಾರಿಯೂ ಹತ್ತಿರ. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಜಾಹೀರಾತು ಮಾಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ವಾಟ್ಸಾಪ್ ಸ್ಟೇಟಸ್ ಕೂಡ ಜಾಹೀರಾತೇ. ಆಹಾರ ಪೂರಕದ ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಮುಟ್ಟಬೇಡಿ. ಹೇಳಬೇಕಾದ್ದು ಇಷ್ಟು: "ಇದು ಔಷಧ ಅಲ್ರಿ, ಆಹಾರ. ನಿಮ್ಮ ಗುಳಿಗಿ ಬಿಡಬ್ಯಾಡ್ರಿ. ಶುಗರ್ ಗುಳಿಗಿ ತಗೋತಿದ್ರ ಡಾಕ್ಟ್ರಿಗೆ ಈ ಡಬ್ಬಿ ತೋರಿಸಿ ಆಮ್ಯಾಲೆ ತಗೋರಿ." ಗುಳಿಗೆ ಬಿಡಿಸಿದವರ ಮನೆಯಲ್ಲಿ ಏನಾದರೂ ಆದರೆ ಅಪ್‌ಲೈನ್ ಯಾರೂ ಜೊತೆಗೆ ಬರುವುದಿಲ್ಲ.

ಹೊಲಕ್ಕೆ ಹೊಡೆಯುವ ಬಾಟಲಿಗಳಲ್ಲಿ ಕೀಟನಾಶಕ, ಗೊಬ್ಬರ ಮಾರಲು ಪರವಾನಗಿ ಬೇಕು. ಬೆಳೆ ಚುರುಕುಗೊಳಿಸುವ ದ್ರಾವಣಗಳೂ (ಬಯೋಸ್ಟಿಮ್ಯುಲಂಟ್) 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಮನೆಯಿಂದ ಮಾರಬಹುದು ಎಂದು ಯಾರು ಹೇಳಿದರೂ ಕಾಗದ ಕೇಳಿ, ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಔಷಧ ಎಲೆಗೆ ಹರಡಲೆಂದು ಬೆರೆಸುವ ಸ್ಟಿಕ್ಕರ್ ದ್ರಾವಣ ತೋರಿಸುವುದಾದರೆ ಡೆಮೊ ಸರಳ: ಭತ್ತದ ಎಲೆಯ ಮೇಲೆ ಬರೀ ನೀರಿನ ಹನಿ ಮುತ್ತಿನಂತೆ ಉರುಳುತ್ತದೆ, ಬೆರೆಸಿದ ನೀರು ಹರಡಿ ಅಂಟುತ್ತದೆ. ಲೇಬಲ್ಲಿನಲ್ಲಿ ಲೀಟರಿಗೆ 0.5 ಮಿ.ಲೀ. ಎಂದಿದ್ದರೆ 16 ಲೀಟರಿನ ಟ್ಯಾಂಕಿಗೆ 8 ಮಿ.ಲೀ. ಹೆಚ್ಚು ಹಾಕಿದರೆ ದ್ರಾವಣ ಎಲೆಯಿಂದ ಇಳಿದು ಹೋಗುತ್ತದೆ, ಕೆಲವೊಮ್ಮೆ ಎಲೆ ಸುಡುತ್ತದೆ. ಮೊದಲು ಐದು ಗುಂಟೆಗೆ ಹೊಡೆಸಿ, ಪಕ್ಕದ ಐದು ಗುಂಟೆ ಎಂದಿನಂತೆ ಬಿಡಿಸಿ. ಎಕರೆಗಟ್ಟಲೆ ಒಮ್ಮೆಗೇ ಹೊಡೆಸಿದರೆ ಒಳ್ಳೆಯದಾದರೂ ನಿಮ್ಮ ಬಾಟಲಿಯಿಂದ ಎಂದು ಗೊತ್ತಾಗುವುದಿಲ್ಲ; ಕೆಟ್ಟರೆ ಮಾತ್ರ ನಿಮ್ಮ ಬಾಟಲಿಯಿಂದಲೇ.

ವಾಟ್ಸಾಪ್

ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಬಿಲ್ ಕೊಡುವಾಗಲೇ ಸೇವ್ ಮಾಡಿಸಿ. ಕೇಳದೆ ಗ್ರೂಪಿಗೆ ಸೇರಿಸಬೇಡಿ. ಚೆಕ್ಕಿನ ಫೋಟೊ, ಕಾರಿನ ಫೋಟೊ ಹಾಕಿದರೆ ಸಾಮಾನು ಕೊಳ್ಳುವವರು ದೂರವಾಗುತ್ತಾರೆ. ವಾರಕ್ಕೆರಡು ಸ್ಟೇಟಸ್ ಸಾಕು: ಅರ್ಧ ತೊಳೆದ ಬೋಗುಣಿ, ಅಳತೆಯ ಚಮಚ. ಗ್ರಾಹಕರ ಮನೆಯದಾದರೆ ಅವರನ್ನು ಕೇಳಿ ಹಾಕಿ.

ತಂಡ, ಬಂದರೆ

ಒಬ್ಬರು ಆರು ಜನರನ್ನು, ಆ ಆರೂ ತಲಾ ಆರು ಜನರನ್ನು ಸೇರಿಸಿದರೆ ಎಂಟನೇ ಹಂತಕ್ಕೇ 16,79,616 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.89 ಲಕ್ಷ, ತೊಟ್ಟಿಲ ಕೂಸುಗಳೂ ಸೇರಿ. ಬೋರ್ಡಿನ ಮೇಲೆ ಬರೆಯುವ ಚಿತ್ರ ಹೀಗೆ ಎಲ್ಲಿಯೋ ನಿಲ್ಲಲೇಬೇಕು. ನಿಂತಾಗ ಕೆಳಗಿನವರ ಕೈಯಲ್ಲಿ ಉಳಿಯುವುದು ಡಬ್ಬಿಗಳು.

ಮೂರು ತಿಂಗಳು ಸತತವಾಗಿ 20 ಮನೆ ಮರು ಆರ್ಡರ್ ಕೊಟ್ಟ ಮೇಲೆ, ನಿಮ್ಮ ಗ್ರಾಹಕರಲ್ಲೇ ಯಾರಾದರೂ "ನಾನೂ ಮಾರಬಹುದೇನು" ಎಂದು ಕೇಳಿದರೆ ಆಗ ಮಾತಾಡಿ. ತೋರಿಸಬೇಕಾದ್ದು ವಹಿ: ಮೇಲಿನ 1,780ರಂಥ ನಿಜವಾದ ಲೆಕ್ಕ. ಮೊದಲ ಖರೀದಿ 1,500 ರೂಪಾಯಿ ಮೀರದಂತೆ ನೀವೇ ತಡೆಯಿರಿ. ಸಂಘದ ಸಾಲ, ಫೈನಾನ್ಸ್ ಸಾಲ, ಗಿರವಿ ಇಟ್ಟ ಬಂಗಾರದ ದುಡ್ಡಿಂದ ಸ್ಟಾಕ್ ತರಲು ಬಿಡಬೇಡಿ. ಎರಡು ಸಂಜೆ ಅವರು ನಿಮ್ಮೊಂದಿಗೆ ಬರಲಿ, ಆಮೇಲೆ ಎರಡು ಸಂಜೆ ನೀವು ಅವರೊಂದಿಗೆ ಹೋಗಿ ಸುಮ್ಮನೆ ಕೂತು ನೋಡಿ. ಅವರ ಓಣಿ ಬೇರೆಯಾಗಿರಲಿ. ಒಂದೇ ಓಣಿಯಲ್ಲಿ ಇಬ್ಬರು ಮಾರಿದರೆ ಇಬ್ಬರಿಗೂ ಪೆಟ್ರೋಲಿನ ದುಡ್ಡೇ ಹುಟ್ಟುವುದಿಲ್ಲ.

ಕಮಿಷನ್ ಬ್ಯಾಂಕಿಗೆ ಬರುವ ಮೊದಲು ಪ್ಯಾನ್ ಕೊಟ್ಟಿರಿ. ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗುವಷ್ಟು ಮೊತ್ತ ಬಂದಾಗ ಪ್ಯಾನ್ ಇಲ್ಲದಿದ್ದರೆ ಶೇಕಡಾ 20 ಮುರಿಯುತ್ತಾರೆ.

ಆರು ತಿಂಗಳಾದರೂ 12 ಮನೆ ದಾಟದಿದ್ದರೆ, ಸಾಮಾನು ಬದಲಿಸಿ ನೋಡಿ, ಓಣಿ ಬದಲಿಸಿ ನೋಡಿ. ಆಗಲೂ ಆಗದಿದ್ದರೆ ನಿಲ್ಲಿಸುವುದೇ ಲೇಸು. ನಿಲ್ಲಿಸುವ ಕ್ರಮವೂ ಒಂದಿದೆ. ಒಪ್ಪಂದದಲ್ಲಿರುವ ವಾಪಸಾತಿಯ ಅವಧಿ ಮುಗಿಯುವ ಮೊದಲೇ ಸೀಲ್ ಒಡೆಯದ ಡಬ್ಬಿಗಳನ್ನು ಬಿಲ್ಲಿನ ಸಮೇತ ಕಂಪನಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೇಲಿನವರ ಕೈಗೆ ಕೊಡಬೇಡಿ, ಕಂಪನಿಯ ಡಿಪೊಗೇ ಕಳಿಸಿ. ಬರಬೇಕಾದ ಉದ್ರಿ ವಸೂಲಾಗುವವರೆಗೆ ನಿಲ್ಲಿಸುವ ಸುದ್ದಿ ಓಣಿಯಲ್ಲಿ ಹೇಳಬೇಡಿ. ದುಡ್ಡು ಬಂದ ಮೇಲೆ, ಮಾಮೂಲು ಗ್ರಾಹಕರಿಗೆ ಫೋನ್ ಮಾಡಿ ಮುಂದಿನ ಬಾಟಲಿ ಯಾರ ಬಳಿ ಸಿಗುತ್ತದೆ ಎಂದು ತಿಳಿಸಿ, ಅವರ ನಂಬರು ಕೊಡಿ.